ದೆವ್ವದ ಕಾರ್ಡಿಗೆ ಅರಿಷಿಣ

ಗೆಳತ್ಯಾರ, ನನ್ನ ಹಣೇಬಾರ ಒಂದೀಟ ಕೇಳ್ರಿ. ಮಗಳ ಇಂಗ್ಲಿಷ್ ಮೀಡಿಯಂ ಸಾಲ್ಯಾಗ ಇವತ್ತ ಹ್ಯಾಲೊವೀನ್ ಅಂತ, ಅಂದ್ರ ದೆವ್ವದ ಹಬ್ಬ. ಗೆಳತ್ಯಾರಿಗೆ ಕೊಡಾಕ ಕೈಲೇ ಮಾಡಿದ ಕಾರ್ಡ್ ತರಬೇಕಂತ. ಬಟಾಟಿ ಕೊರದ ಶಿಕ್ಕಾ ಮಾಡಿ ದೆವ್ವ ಒತ್ತಿದೆ, ಕರೇ ಕಾಗದ ಕತ್ತರಿಸಿ ಬಾವಲಿ ಅಂಟಿಸಿದೆ. ಮುಂಜಾನೆ ಕಟ್ಟಿ ಮ್ಯಾಲ ಒಣಗಾಕ ಇಟ್ಟು ಜಳಕಕ್ಕ ಹೋದೆ.

ಬಂದು ನೋಡಿದ್ರ, ನಮ್ಮ ಅತ್ತಿಯವರು ಎಲ್ಲಾ ಕಾರ್ಡಿನ ನಾಕೂ ಮೂಲಿಗೆ ಅರಿಷಿಣ ಹಚ್ಚಿ ಕುಂತಾರ. ದೆವ್ವದ ಹಣಿಗೆ ಕುಂಕುಮ ಬ್ಯಾರೆ.

"ಅತ್ತಿ, ಇದೇನ ಮಾಡಿದ್ರಿ?"

"ಮನ್ಯಾಗಿನ ಕಾರ್ಡ್ ಅರಿಷಿಣ ಹಚ್ಚದ ಹೊರಗ ಹೋಗಬಾರ್ದವಾ. ಅಷ್ಟೂ ತಿಳಿಯೂದಿಲ್ಲೇನ ನಿನಗ?"

ಒರಸಾಕ ಹೋದ್ರ ದೆವ್ವನ ಅಳಿಸಿ ಹೋತು. ಅಷ್ಟರಾಗ ಸಾಲಿ ಬಸ್ ಬಂತು. ಮಗಳು ಅಳಕೋತ ಅವನ್ನ ತಗೊಂಡ ಹೋದ್ಲು.

ಸಂಜಿಕ ಐನಾಪುರದಿಂದ ಅಕಿ ಗೆಳತಿಯ ಅಜ್ಜಿ ಫೋನ್ ಮಾಡಿದ್ರು. "ಕಾರ್ಡ್ ಮುಟ್ಟಿತ್ರಿ. ತಾರೀಖ ಹಾಕೂದ ಮರತೀರಿ. ಕಾರ್ಯ ಎಂದ ಐತ್ರಿ?"

ನಾ ಬಾಯಿ ತಗಿಯೂದರಾಗ ಅತ್ತಿ ಫೋನ್ ಕಸಗೊಂಡ್ರು. "ಐತವಾರ ಊಟಕ್ಕ ಬರ್ರಿ. ಮನಿಮಂದಿ ಎಲ್ಲಾರೂ ಬರ್ರಿ."

ಫೋನ್ ಇಟ್ಟು ನನಗ ಅಂದ್ರು, "ಅರಿಷಿಣದ ಕಾರ್ಡ್ ಮುಟ್ಟೇತಿ. ಈಗ ಬರಬ್ಯಾಡ್ರಿ ಅನ್ನಾಕ ಬರ್ತೈತೇನ?"

ಹೋಳಗಿಗೆ ಬ್ಯಾಳಿ ಆರಿಸಾಕತ್ತೀನಿ. ದೆವ್ವಕ್ಕ ಸುದ್ದಾ ವರ್ಷಕ್ಕ ಒಂದ ದಿನ ಇಟ್ಟಾರ. ಸೊಸಿಗೆ ಯಾರೂ ಇಟ್ಟಿಲ್ಲ.