ಗುಡ್ಡ ನೋಡುತ್ತಾ ನಿಂತವನು

ನಿನ್ನೆ ಪಕ್ಕದ ಜಾಗದಲ್ಲಿ ಫ್ಲ್ಯಾಟ್ ಕಟ್ಟಲು ಜೆಸಿಬಿ ತಂದು ಮಣ್ಣು ಅಗೆದರು. ಹಸಿ ಮಣ್ಣಿನ ವಾಸನೆ ಅಡುಗೆಮನೆಯವರೆಗೆ ಬಂತು. ಆ ವಾಸನೆಯನ್ನು ಹೊಗಳುವವರಿದ್ದಾರೆ. ನನಗೆ ಮಾತ್ರ ತಂಗಿ ಗಿರಿಜೆ ಮಣ್ಣಿನಡಿ ಬಿದ್ದದ್ದು ನೆನಪಾಗುತ್ತದೆ. ಗಾಬರಿಯಾಗಬೇಡಿ, ಬದುಕಿದ್ದಾಳೆ. ಪಕ್ಕದಲ್ಲೇ ಕುಳಿತು ನನ್ನ ಅಕ್ಷರ ಓರೆ ಅನ್ನುತ್ತಿದ್ದಾಳೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಅಕ್ಷರ ಇನ್ನು ಹೇಗಿರುತ್ತದೆ.

ಆಗ ಅವಳು ಶಕ್ತಿನಗರದಲ್ಲಿದ್ದಳು. ಮಳೆಗೆ ಮನೆಯ ಹಿಂದಿನ ಗುಡ್ಡ ಜರಿದು ಅಡುಗೆಮನೆಯ ಗೋಡೆ ಅವಳ ಮೇಲೆ ಬಿತ್ತು. ನಾನು ತಲುಪುವಾಗ ಅಗ್ನಿಶಾಮಕದವರು ಕೈಯಲ್ಲೇ ಮಣ್ಣು ತೆಗೆಯುತ್ತಿದ್ದರು. ಒಳಗಿಂದ ಅವಳ ಸ್ವರ ಕೇಳುತ್ತಿತ್ತು. ಒಬ್ಬ ಮಾತ್ರ ಬಾಯಲ್ಲಿ ವಿಸಿಲ್ ಇಟ್ಟುಕೊಂಡು ಗುಡ್ಡ ನೋಡುತ್ತಾ ನಿಂತಿದ್ದ.

"ಎಂತ ಮಾರಾಯ, ಆಟ ನೋಡ್ಲಿಕ್ಕೆ ಬಂದದ್ದಾ? ಎರಡು ಕೈ ಉಂಟಲ್ಲ ನಿನಗೆ?" ಎಂದೆ.

ಅವನು ತಿರುಗಲಿಲ್ಲ. ಮಣ್ಣು ತೆಗೆಯುತ್ತಿದ್ದ ಅವರ ಆಫೀಸರ್ ಹೇಳಿದ: "ಅಮ್ಮ, ಅವನಿಗೆ ಅದೇ ಕೆಲಸ. ಮಾತಾಡಿಸ್ಬೇಡಿ."

ಸ್ವಲ್ಪ ಹೊತ್ತಿಗೆ ಅವನು ವಿಸಿಲ್ ಊದಿದ. ಎಲ್ಲರೂ ಬಿಟ್ಟು ಓಡಿದರು. ಏನೂ ಬೀಳಲಿಲ್ಲ. "ಹೋದ್ರಾ?" ಎಂದು ಗಿರಿಜೆ ಒಳಗಿಂದ ಕೂಗಿದಳು. ನಾನು ಬೈದದ್ದನ್ನು ಇಲ್ಲಿ ಬರೆಯಲಿಕ್ಕಿಲ್ಲ.

"ಕಲ್ಲು ಅಲ್ಲಾಡಿದ ಹಾಗೆ ಕಂಡಿತು ಸಾರ್" ಎಂದ ವಿಸಿಲಿನವನು, ಸಣ್ಣ ಮುಖ ಮಾಡಿ.

"ಒಳ್ಳೇದಾಯ್ತು. ಸಂಶಯ ಬಂದ್ರೆ ಇನ್ನೂ ಊದು" ಎಂದು ಆಫೀಸರ್ ಮಣ್ಣಿಗೆ ಇಳಿದ. ಯಾರೂ ನಗಲಿಲ್ಲ. ನಮ್ಮ ಮನೆಯಲ್ಲಾದರೆ ಸುಮ್ಮನೆ ಹೆದರಿದವನನ್ನು ಅವನ ಮಕ್ಕಳ ಮದುವೆಯವರೆಗೆ ಆಡಿಕೊಳ್ಳುತ್ತೇವೆ. ಮತ್ತೆ ಅವನು ಬಾಯಿ ತೆರೆಯುವುದುಂಟೇ?

ಇವನು ತೆರೆದ. ಗಿರಿಜೆಯ ಕೈ ಆಫೀಸರನ ಕೈಗೆ ಸಿಕ್ಕಿದಾಗಲೇ ವಿಸಿಲ್. ಎಲ್ಲರೂ ಓಡಿದರು, ಕಡೆಗೆ ಆಫೀಸರ್. ಅವರು ಕುಳಿತಿದ್ದ ಜಾಗಕ್ಕೆ ಗುಡ್ಡದ ಇನ್ನೊಂದು ಪಾಲು ಬಂತು. ಗಿರಿಜೆಗೆ ಮೇಲಿದ್ದ ಗೋಡೆಯ ತುಂಡೇ ಮಾಡಿನ ಹಾಗೆ ಅಡ್ಡ ನಿಂತು ಮಣ್ಣು ತಡೆಯಿತು. ಇವರೂ ಮಣ್ಣಿನಡಿ ಸಿಕ್ಕಿದ್ದರೆ ಅವಳನ್ನು ತೆಗೆಯಲು ಯಾರಿರುತ್ತಿದ್ದರು? ಮಣ್ಣು ಜಾರುವುದು ನಿಂತದ್ದೇ ಪುನಃ ಇಳಿದರು, ಅವಳನ್ನು ಹೊರಗೆ ತೆಗೆದರು. ಅವಳ ಕಾಲು ಮುರಿದಿತ್ತು, ಬಾಯಿ ಗಟ್ಟಿ ಇತ್ತು. "ಇಷ್ಟು ಹೊತ್ತಾ?" ಎಂದು ಅವರನ್ನೇ ಕೇಳಿದಳು.

ಹೊರಡುವ ಮೊದಲು ಗಾಡಿಯ ಹತ್ತಿರ ವಿಸಿಲಿನವನು ಹೇಳುತ್ತಿದ್ದ: "ಎರಡನೇ ಸಲ ನೀವು ತಡ ಮಾಡಿದ್ರಿ ಸಾರ್."

"ಹೌದು. ಕೈ ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ತಪ್ಪು" ಎಂದ ಆಫೀಸರ್.

ಜೀವ ಉಳಿಸಿದ ಮೇಲೂ ತಮ್ಮದೇ ತಪ್ಪು ಹುಡುಕುವ ಜನ. ಅಂಥವರನ್ನು ನಂಬಬಹುದು.

ಇದನ್ನು ಬರೆಯುತ್ತಿರುವಾಗಲೇ ಮಳೆ ಜೋರಾಯಿತು. ಗಿರಿಜೆ, "ಅಕ್ಕ, ಗೋಡೆ ಅದುರಿತು" ಎಂದಳು. ನನಗೇನೂ ಗೊತ್ತಾಗಲಿಲ್ಲ. ಒಲೆ ಆರಿಸಿ ಅವಳನ್ನು ಹಿಡಿದುಕೊಂಡು ಅಂಗಳಕ್ಕೆ ಬಂದೆ. ಒಂದೇ ಕೊಡೆಯಡಿ ಇಬ್ಬರೂ ಒದ್ದೆಯಾದೆವು. ಗೋಡೆ ಇದ್ದ ಹಾಗೇ ಇತ್ತು.

"ಬೈಯುದಿಲ್ವಾ?" ಎಂದಳು.

"ಸಾರು ತಣ್ಣಗಾಯ್ತು. ಬಿಸಿ ಮಾಡುವ, ನಡಿ" ಎಂದೆ.