ಹೋಳಿಗೆಯ ಬಟ್ಟೆ ಮತ್ತು ಕಾರಿನ ಗಾಜು

ಸ್ನೇಹಿತರೇ, ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ಮಧ್ಯಾಹ್ನ ಸುರಿಯುವ ಮಳೆಯಲ್ಲಿ ಹಾನಗಲ್ಲಿನಿಂದ ತಿಳವಳ್ಳಿಗೆ ಹೊರಟಿದ್ದೆವು. ಕಾರು ಓಡಿಸುತ್ತಿದ್ದವಳು ಸೊಸೆ. ನೆಗಡಿಯಾಗುತ್ತದೆಂದು ನಾನು ಎಸಿ ಹಚ್ಚಲು ಬಿಟ್ಟಿರಲಿಲ್ಲ. ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿತು. ಬೀಗರಿಗೆ ಒಯ್ಯುತ್ತಿದ್ದ ಹೋಳಿಗೆಯ ಬಟ್ಟೆ ಬಿಚ್ಚಿ, ಪಕ್ಕದಿಂದ ಬಾಗಿ ಒರೆಸಿದೆ. ಬಟ್ಟೆಯ ತುಪ್ಪವೆಲ್ಲ ಗಾಜಿಗೆ ಮೆತ್ತಿಕೊಂಡು, ಇದ್ದಷ್ಟು ದಾರಿಯೂ ಕಾಣದಾಯಿತು. ಸೊಸೆ ಗಕ್ಕನೆ ಬ್ರೇಕ್ ಒತ್ತಿದಳು. ಕಿಟಕಿ ಇಳಿಸಿ ನೋಡಿದರೆ, ಕೆಟ್ಟು ನಿಂತ ಟ್ರ್ಯಾಕ್ಟರ್ ಒಂದು ಮೊಳ ಮುಂದಿದೆ.

"ಅತ್ತಿಯಾರ, ಹೋಳಿಗಿ ಅರಿವಿಲೆ ಗಾಜು ಒರಸ್ತಾರೇನ್ರಿ? ಇನ್ನ ಸುಮ್ನ ಕುಂದರ್ರಿ."

ತನ್ನ ವೇಲಿನಿಂದ ತುಪ್ಪ ಒರೆಸಿ, ಎಸಿ ಹಚ್ಚಿದಳು. ಎರಡೇ ನಿಮಿಷಕ್ಕೆ ದಾರಿ ಕಂಡಿತು.

ನಮ್ಮ ಮನೆಯಲ್ಲಿ ನನಗೆ ಸುಮ್ಮನಿರಿ ಎಂದವರು ಇದುವರೆಗೆ ಯಾರೂ ಇರಲಿಲ್ಲ. ಆದರೂ ತಪ್ಪು ನನ್ನದೇ. ಅವಳು ಫೇಸ್‌ಬುಕ್ ನೋಡುವುದಿಲ್ಲ, ಅದಕ್ಕೇ ಇಲ್ಲಿ ಒಪ್ಪಿಕೊಂಡಿದ್ದೇನೆ.