ಸ್ಟೇರಿಂಗ್ ಹಿಡಿಯಲು ಯೋಗ್ಯ

ಕೊರೊನಾ ಇಳಿದ ಮರುವರ್ಷ. ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ನಾನು ಮನೋವೈದ್ಯನಾಗಿದ್ದೆ, ನಿವೃತ್ತಿ ಹತ್ತಿರವಿತ್ತು. ರೋಗಿಗಳ ಜೊತೆಗೆ ನೌಕರರ ಫಿಟ್‌ನೆಸ್ ತಪಾಸಣೆಯೂ ನನ್ನ ಪಾಲಿಗಿತ್ತು. ಈ ಮನುಷ್ಯ ತನ್ನ ಕೆಲಸಕ್ಕೆ ಮರಳಬಹುದೇ ಎಂದು ಹೇಳುವ ಹೊಣೆ ಅದು. ಚಿಕಿತ್ಸೆಗಿಂತ ಅದೇ ನನ್ನನ್ನು ಹೆಚ್ಚು ದಣಿಸುತ್ತಿತ್ತು. ರೋಗಿ ವಾಸಿಯಾಗಲೆಂದು ಬರುತ್ತಾನೆ, ನೌಕರ ಸಹಿಗಾಗಿ ಬರುತ್ತಾನೆ.

ವಳಸಂಗದ ಮಲ್ಲಿನಾಥ ಅಕ್ಕಲಕೋಟ ಮಾರ್ಗದ ಬಸ್ ಚಾಲಕ. ಇಪ್ಪತ್ತು ವರ್ಷ ಒಂದೂ ಅಪಘಾತ ಮಾಡಿರಲಿಲ್ಲ. ಒಂದು ಮಧ್ಯಾಹ್ನ ಖಾಲಿ ರಸ್ತೆಯಲ್ಲಿ ಗಕ್ಕನೆ ಬ್ರೇಕ್ ಹಾಕಿದ. ಮುಂದಿನ ಸೀಟಿನಲ್ಲಿದ್ದ ಮುದುಕಿಯ ಹಲ್ಲು ಮುರಿಯಿತು. 'ನಿಲ್ಲಸು' ಎಂದು ಹೆಂಗಸೊಬ್ಬಳು ಕಿವಿಯಲ್ಲಿ ಕೂಗಿದಳಂತೆ. ಡಿಪೊದವರು ನನ್ನ ಬಳಿ ಕಳಿಸಿದರು. ಅವನಿಗಿದ್ದದ್ದು ಸೈಕೋಸಿಸ್, ಇಲ್ಲದ ಮಾತು ನಿಜವಾಗಿಯೇ ಕೇಳಿಸುವ ಕಾಯಿಲೆ. ಮಾತ್ರೆ ಶುರುಮಾಡಿದೆ.

ಕೆಲವು ತಿಂಗಳ ನಂತರ ಇಸ್ತ್ರಿ ಮಾಡಿದ ಖಾಕಿ ತೊಟ್ಟು, ಹೆಂಡತಿ ಕಾಶೀಬಾಯಿಯೊಂದಿಗೆ ಬಂದ.

"ಈಗ ಏನೂ ಕೇಳ್ಸೂದಿಲ್ರಿ ಸಾಹೇಬ್ರ. ಫಿಟ್ ಅಂತ ಬರದು ಕೊಡ್ರಿ."

ಉತ್ತರಗಳೆಲ್ಲ ಸರಿಯಾಗಿದ್ದವು. ಪೆನ್ನು ಎತ್ತಿಕೊಂಡೆ. ಆಗ ಅವನ ತಲೆ ತುಸು ಎಡಕ್ಕೆ ವಾಲಿತು, ತುಟಿ ಅಲುಗಿತು.

"ಮಲ್ಲಿನಾಥಪ್ಪ, ಯಾರು ಮಾತಾಡಿದ್ರು ಈಗ?" ಎಂದೆ.

ಅವನು ಹೆಂಡತಿಯ ಮುಖ ನೋಡಿದ. "ಅಕೀನರಿ, ಕಿವ್ಯಾಗ ಕೂಗಾಕಿ. ಖರೇ ಹೇಳಬ್ಯಾಡ ಅನ್ನಾಕತ್ತಾಳ."

ಕಾಶೀಬಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು. "ಗಾಡಿ ಬಿಟ್ರ ಈ ಮನಷ್ಯಾಗ ಬ್ಯಾರೆ ಏನೈತ್ರಿ?"

ಚಾಲನೆಗೆ ಅನ್‌ಫಿಟ್, ವರ್ಕ್‌ಶಾಪಿನ ಕೆಲಸಕ್ಕೆ ಫಿಟ್ ಎಂದು ಬರೆದೆ. ಅವನು ನಮಸ್ಕಾರವನ್ನೂ ಮಾಡದೆ ಎದ್ದುಹೋದ. ಟೈರ್ ವಿಭಾಗಕ್ಕೆ ಹಾಕಿದರೆಂದು ಆಮೇಲೆ ತಿಳಿಯಿತು. ಸಿಟ್ಟಿದ್ದರೂ ಮಾತ್ರೆ ಮಾತ್ರ ಬಿಡಲಿಲ್ಲ, ಕಾಶೀಬಾಯಿ ಬಿಡಗೊಡಲಿಲ್ಲ.

ಎರಡನೇ ವರ್ಷಕ್ಕೆ ಆ ಧ್ವನಿ ಪೂರ್ತಿ ನಿಂತಿತ್ತು. ಈ ಸಲ ಮೂವರು ವೈದ್ಯರು ಕೂತು ನೋಡಿದೆವು. ಮಾತ್ರೆಯಿಂದ ಮಂಪರು ಬರುವುದಿಲ್ಲವೆಂದು ಖಚಿತಪಡಿಸಿಕೊಂಡೆವು. ಡಿಪೊದವರು ಖಾಲಿ ಬಸ್ ಓಡಿಸಿ ಪರೀಕ್ಷಿಸಿದರು. ಚಾಲನೆಗೆ ಫಿಟ್ ಎಂಬುದರ ಕೆಳಗೆ ಮೊದಲ ಸಹಿ ನನ್ನದು.

ನಿವೃತ್ತನಾದ ಮೇಲೆ ಒಂದು ದಿನ ಅಕ್ಕಲಕೋಟದಲ್ಲಿ ಬಸ್ ಹತ್ತಲು ಹೋದೆ. ಸ್ಟೇರಿಂಗ್ ಹಿಂದೆ ಮಲ್ಲಿನಾಥ.

"ಬರ್ರಿ ಸಾಹೇಬ್ರ, ಮುಂದ ಕುಂದರ್ರಿ!"

ಅವನ ಮುಖ ಅರಳಿತ್ತು. ಮುಂದಿನ ಬಸ್ಸಿಗೆ ಕಾಯಲೇ ಎಂದು ನನ್ನ ಮನಸ್ಸಿಗೆ ಬಂದದ್ದು ಅವನಿಗೆ ತಿಳಿಯಲಿಲ್ಲವೆಂದುಕೊಳ್ಳುತ್ತೇನೆ. ಹತ್ತಿ ಕೂತೆ.

ಮನೋವೈದ್ಯನಿಗೆ ಕಾಣುವುದು ಎದುರಿಗೆ ಕೂತ ಇವತ್ತಿನ ಮನುಷ್ಯ. ಸಹಿ ಹಾಕಬೇಕಾದದ್ದು ನಾಳೆಯ ಮನುಷ್ಯನಿಗೆ. ಇಷ್ಟು ವರ್ಷದ ಕೆಲಸ ಕಲಿಸಿದ್ದು ಇದನ್ನೇ. ಮಲ್ಲಿನಾಥ ಬಹಳ ಚೆನ್ನಾಗಿ ಓಡಿಸಿದ. ವಳಸಂಗ ದಾಟುವ ಹೊತ್ತಿಗೆ ಬಸ್ಸಿನವರೆಲ್ಲ ತೂಕಡಿಸುತ್ತಿದ್ದರು. ನಾನೊಬ್ಬ ಸೊಲ್ಲಾಪುರದವರೆಗೂ ಕಣ್ಣು ಮುಚ್ಚಲಿಲ್ಲ.